ರೈಟ್ ಎಂದರೆ ಹೊರಡು

ಮಾರ್ಚ್ ೪, ಸೋಮವಾರ

ಮಾತು ಕಲಿಸುವ ಡಾಕ್ಟರಮ್ಮ ಒಂದು ಹಾಳೆ ಕೊಟ್ಟಿದ್ದಾಳೆ. ಅದರಲ್ಲಿ ಮೂರು ಕಾಲಂ. ಕಂಡಕ್ಟರ್ ಆ ಮಾತನ್ನು ಯಾವಾಗ ಹೇಳಿದ, ಅದಕ್ಕೆ ಮೊದಲು ಏನು ನಡೆದಿತ್ತು, ಅವನಿಗೆ ಬೇಕಾಗಿದ್ದು ಏನು. ಒಂದೊಂದು ಚೌಕವೂ ಬಸ್ ಟಿಕೆಟ್ಟಿನಷ್ಟಿದೆ. ನನ್ನ ಅಕ್ಷರ ಅದರೊಳಗೆ ಹಿಡಿಯುವುದಿಲ್ಲ. ಅವಳ ಹಾಳೆಯಲ್ಲಿ ಅವಳಿಗೆ ಬೇಕಾದಷ್ಟು ಗೀಚಿ ಕೊಡುತ್ತೇನೆ. ಮಿಕ್ಕದ್ದು ಈ ಹಳೆಯ ಡೈರಿಗೆ. ಇದನ್ನು ಯಾರೂ ಓದಬೇಕಾಗಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನ ಬರಹ ಓದಿ ಯಾರೂ ಉದ್ಧಾರವಾಗುವುದಿಲ್ಲ.

"ಅವರು ನಿಮಗೆ ಏನಾಗಬೇಕು ತಾತ?" ಎಂದು ಕೇಳಿದಳು.

"ನಾನು ನಿನ್ನ ತಾತ ಅಲ್ಲ. ಅವನು ನನ್ನ ತಂಗಿ ಗಂಡ. ಅದಕ್ಕೂ ಮುಂಚೆ ನನ್ನ ಕಂಡಕ್ಟರ್."

ಹದಿನಾಲ್ಕು ವರ್ಷ ಒಂದೇ ಬಸ್ಸು. ನನ್ನದು ಸ್ಟೀರಿಂಗ್, ಅವನದು ಹಿಂದಿನ ಬಾಗಿಲು. ಅವನ ಗುಣ ನೋಡಿಯೇ ತಂಗಿಯನ್ನು ಕೊಟ್ಟಿದ್ದು. ಮದುವೆಯಾದ ಮೇಲೆ ಭಾವ ಅನ್ನು ಎಂದು ಮನೆಯವರೆಲ್ಲ ಹೇಳಿದರು. ನಾಲಿಗೆ ತಿರುಗಲಿಲ್ಲ. ಕಂಡಕ್ಟರ್ ಕಂಡಕ್ಟರನೇ ಆಗಿ ಉಳಿದ.

ಹೋದ ತಿಂಗಳು ಲಕ್ವ ಹೊಡೆಯಿತು. ಅರ್ಧ ಮೈ ಹೋಯಿತು, ಮಾತು ಪೂರ್ತಿ ಹೋಯಿತು. ಹತ್ತನೇ ದಿನ ಒಂದೇ ಒಂದು ಮಾತು ವಾಪಸ್ ಬಂತು. ಹೆಂಡತಿಯ ಹೆಸರಲ್ಲ, ನೀರು ಅಲ್ಲ, ಅಮ್ಮ ಅಲ್ಲ. ರೈಟ್.

ಬಳಸಿ ಬಳಸಿ ಸವೆದ ಮಾತೇ ಕೆಲವೊಮ್ಮೆ ಉಳಿಯುತ್ತದಂತೆ. ಡಾಕ್ಟರಮ್ಮ ಹೇಳಿದಳು.

ಮಾರ್ಚ್ ೬, ಬುಧವಾರ

ಇವತ್ತು ಅವಳಿಗೂ ನನಗೂ ಜಟಾಪಟಿ.

"ನೋವಿದೆಯಾ?" ಎಂದು ಅವನನ್ನು ಕೇಳಿದಳು. "ರೈಟ್" ಎಂದ. "ನೋವಿಲ್ವಾ?" ಅದಕ್ಕೂ ರೈಟ್. ಫೋನು ತೆಗೆದು ಆ ಇಂಗ್ಲಿಷ್ ಪದಕ್ಕೆ ಇರುವ ಅರ್ಥಗಳನ್ನೆಲ್ಲ ಓದಿದಳು. ಸರಿ, ಬಲಗಡೆ, ಹಕ್ಕು, ನ್ಯಾಯ, ಇನ್ನೂ ಏನೇನೋ. "ಬಹುಶಃ ಹೌದು ಅನ್ನೋಕೆ ಹೇಳ್ತಿದ್ದಾರೆ" ಎಂದಳು.

"ಆ ಫೋನನ್ನ ಒಳಗಿಡಮ್ಮ. ನಿನ್ನ ಡಿಕ್ಷನರಿ ಬಸ್ಸು ಹತ್ತಿಲ್ಲ."

ಅವಳಿಗೆ ನಗು. ನಾನು ನಗಲಿಲ್ಲ. ಕುರ್ಚಿ ಎಳೆದುಕೊಂಡು ಬಿಡಿಸಿ ಹೇಳಿದೆ. ರೈಟ್ ಎಂದರೆ ಹೊರಡು. ಬರಿ ಹೊರಡು ಅಷ್ಟೇ ಅಲ್ಲ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಮೆಟ್ಟಿಲ ಮೇಲೆ ಯಾರ ಕಾಲೂ ಇಲ್ಲ, ಬಾಗಿಲಿಗೆ ಯಾರ ಬಟ್ಟೆಯೂ ಸಿಕ್ಕಿಲ್ಲ. ಹಿಂದಿನದನ್ನು ನಾನು ನೋಡಿದ್ದೇನೆ, ಮುಂದಿನದನ್ನು ನೀನು ನೋಡಿಕೋ. ಇಷ್ಟೂ ಸೇರಿ ಒಂದು ರೈಟ್. ಡ್ರೈವರನಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ಅವನ ಬೆನ್ನಿಗೆ ಕಣ್ಣು ಎಂದರೆ ಆ ಒಂದು ಮಾತು.

ಅವಳು ಫೋನನ್ನು ಚೀಲದೊಳಗೆ ಹಾಕಿದಳು. ಆಮೇಲೆ ಕೇಳಿದಳು, "ಅವರು ಹೇಳದೆ ನೀವು ಯಾವತ್ತೂ ಬಸ್ ಬಿಟ್ಟಿಲ್ವಾ ಅಂಕಲ್?"

ಇಲ್ಲ ಎಂದೆ. ತಾತ ಹೋಗಿ ಅಂಕಲ್ ಆಗಿದ್ದೇನೆ. ಅಳಿಯ ಅಲ್ಲ ಮಗಳ ಗಂಡ.

ಮಾರ್ಚ್ ೯, ಶನಿವಾರ

ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಲು ಕೂತೆ. ಎರಡು ಚಮಚ ಹೋಯಿತು. ಮೂರನೆಯದಕ್ಕೆ ಕೆಮ್ಮು ಹತ್ತಿ ಮುಖವೆಲ್ಲ ಕೆಂಪಗಾಯಿತು. "ನುಂಗೋಕೆ ಏನು ಧಾಡಿ ನಿನಗೆ?" ಎಂದು ರೇಗಿದೆ. ತಂಗಿ ಓಡಿ ಬಂದು ಬಟ್ಟಲು ಕಿತ್ತುಕೊಂಡಳು.

"ಅಣ್ಣ, ಅವರೇನು ಡೀಸೆಲ್ ಟ್ಯಾಂಕಾ? ಮೇಲಿಂದ ಸುರೀತಾನೇ ಇದೀಯಲ್ಲ."

ಮಧ್ಯಾಹ್ನ ಮತ್ತೆ ಕೂತೆ. ಈ ಸಲ ಗಮನಿಸಿದೆ. ಒಂದು ಚಮಚ ನುಂಗಿ, ಬಾಯಿ ಖಾಲಿಯಾದ ಮೇಲೆ ಅವನೇ "ರೈಟ್" ಅನ್ನುತ್ತಾನೆ. ಆಗ ಮುಂದಿನ ಚಮಚ ಕೊಟ್ಟರೆ ಕೆಮ್ಮೇ ಇಲ್ಲ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಹಾಳೆಯಲ್ಲಿ ಬರೆದುಕೊಟ್ಟೆ.

ಇದನ್ನು ತಂಗಿಗೆ ಹೇಳಿದರೆ ಅವಳು ಸಂತೋಷಪಡಲಿಲ್ಲ. ಬಟ್ಟಲು ತೊಳೆಯುತ್ತಾ ಅಂದಳು. "ಇವರ ಬಾಳು ಹಾಳು ಮಾಡಿದ್ದೇ ಆ ಮಾತು. ಬೇರೆ ಎಲ್ಲಾ ಹೋಯ್ತು, ಅದೊಂದು ಗಟ್ಟಿಯಾಗಿ ಕೂತಿದೆ ನೋಡು."

ಹತ್ತೊಂಬತ್ತು ವರ್ಷದಿಂದ ಇದನ್ನು ಕೇಳುತ್ತಿದ್ದೇನೆ. ಅವಳು ಹೀಗೆ ಅನ್ನುವುದು, ಅವನು ಪೇಪರು ಮುಖಕ್ಕೆ ಅಡ್ಡ ಹಿಡಿಯುವುದು, ನಾನು ಟೀ ಕುಡಿದು ಎದ್ದು ಬರುವುದು. ಭಾನುವಾರ ಎಂದರೆ ಅದೇ.

ಮಾರ್ಚ್ ೧೪, ಗುರುವಾರ

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಬಸ್ಸಿಗೆ ಸಿಕ್ಕ ಹೆಂಗಸಿನದು ಹೊಲಿಗೆ ಕೆಲಸ. ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ. ಬಸ್ಸು ಹೊರಟಿತು. ಹಿಂದಿನ ಚಕ್ರ ಮೊಣಕಾಲಿನ ಕೆಳಗೆ ಹತ್ತಿತು. ಮೆಷೀನಿನ ಪೆಡಲು ತುಳಿಯುವ ಕಾಲು.

ವಿಚಾರಣೆಯಲ್ಲಿ ನನ್ನನ್ನು ಮೊದಲು ಕರೆದರು. ಕಂಡಕ್ಟರ್ ರೈಟ್ ಹೇಳಿದನಾ ಎಂದು ಕೇಳಿದರು. ಹೇಳಿದ, ನನಗೆ ಕೇಳಿಸಿತು ಎಂದೆ. ಆಮೇಲೆ ಅವನನ್ನು ಕರೆದರು. ಹೇಳಿದೆ ಸಾರ್ ಎಂದು ಸಹಿ ಹಾಕಿದ.

ಅವನಿಗೆ ಎಂಟು ತಿಂಗಳು ಸಸ್ಪೆಂಡ್. ವಾಪಸ್ ತೆಗೆದುಕೊಂಡ ಮೇಲೆ ಎರಡು ವರ್ಷ ಡಿಪೋದಲ್ಲಿ ಬಸ್ಸು ತೊಳೆಸಿದರು. ಚೆಕಿಂಗ್ ಇನ್‌ಸ್ಪೆಕ್ಟರ್ ಬಡ್ತಿ ಪಟ್ಟಿಯಲ್ಲಿ ಅವನ ಹೆಸರು ಮೇಲೆಯೇ ಇತ್ತು, ಹೊಡೆದು ಹಾಕಿದರು. ಕ್ವಾರ್ಟರ್ಸ್ ಬಿಟ್ಟು ಈ ಎರಡು ರೂಮಿನ ಮನೆಗೆ ಬಂದರು. ಆಮೇಲೆ ನಮ್ಮಿಬ್ಬರನ್ನೂ ಒಂದೇ ಬಸ್ಸಿಗೆ ಯಾವತ್ತೂ ಹಾಕಲಿಲ್ಲ.

ಅವನು ಹೇಳಿದ. ನನಗೆ ಕೇಳಿಸಿತು. ಹಳೆಯದನ್ನು ಈಗ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಇವತ್ತು ಬೇರೆ ಕೆಲಸವಿರಲಿಲ್ಲ.

ಮಾರ್ಚ್ ೧೯, ಮಂಗಳವಾರ

ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುವ ಕೆಲಸ ನನ್ನದು. ಕಂಕುಳಿಗೆ ಕೈ ಕೊಟ್ಟು ತಕ್ಷಣ ಎತ್ತಿದರೆ ಅವನ ಸತ್ತ ಕಾಲು ಮಂಚಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನು ಅವನೇ ಒಳ್ಳೆಯ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಳ್ಳಬೇಕು. ಆಮೇಲೆ ನನ್ನ ಹೆಗಲಿಗೆ ಗದ್ದ ಒತ್ತುತ್ತಾನೆ, ಕಿವಿಯ ಹತ್ತಿರವೇ "ರೈಟ್" ಅನ್ನುತ್ತಾನೆ. ಆಗ ಎತ್ತುತ್ತೇನೆ. ಇವತ್ತು ಬಗ್ಗಿದವನು ಬಗ್ಗಿಯೇ ಇದ್ದೆ. ಸೊಂಟ ಮುರಿದು ಕೈಗೆ ಬಂತು.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿನಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಣ್ಣ? ಸಿಗ್ನಲ್ ಹಸಿರಾಗೋ ಮುಂಚೆ ಹಾರ್ನ್ ಹೊಡೀತಿದ್ದೋನು."

"ತಾಳ್ಮೆ ಅಲ್ಲ ಕಣೇ, ಇವನ ಕಾಲು ಮುರಿದ್ರೆ ಅದನ್ನೂ ನಾನೇ ಹೊರಬೇಕಲ್ಲ."

ಅವನು ನಕ್ಕ. ಅರ್ಧ ಬಾಯಿ ನಗುತ್ತದೆ, ಇನ್ನರ್ಧ ಸುಮ್ಮನಿರುತ್ತದೆ. ಅರ್ಧಟಿಕೆಟ್ ಎಂದು ಬೈದೆ. ಇನ್ನೂ ನಕ್ಕ.

ಮಾರ್ಚ್ ೨೩, ಶನಿವಾರ

ಡಾಕ್ಟರಮ್ಮ ಬಂದಿದ್ದಳು. "ಈ ಪದದ ಜೊತೆ ಅವರಿಗೆ ಏನಾದರೂ ಬೇಜಾರಿನ ನೆನಪು ಇದೆಯಾ?" ಎಂದು ತಂಗಿಯನ್ನು ಕೇಳಿದಳು. ಅವಳಿಗೆ ಅಷ್ಟೇ ಸಾಕಾಯಿತು. ಎಲ್ಲವನ್ನೂ ಬಿಚ್ಚಿಟ್ಟಳು. ಅವನೂ ಅಲ್ಲೇ, ಕುರ್ಚಿಯಲ್ಲಿ.

"ಹಿಂದೆ ತಿರುಗಿ ನೋಡದೆ ಬಾಯಿ ಬಿಟ್ಟರು. ಒಂದು ಹೆಂಗಸಿನ ಕಾಲು ಹೋಯ್ತು. ನಾನು ಬೀದಿ ಕೊನೆವರೆಗೂ ಹೋಗೋ ಹಾಗಿರಲಿಲ್ಲ, ಜನ ಬೆರಳು ತೋರಿಸೋರು. ಯಾಕೆ ಹೀಗೆ ಮಾಡಿದ್ರಿ ಅಂತ ಎಷ್ಟು ಸಲ ಕೇಳಿದೀನಿ. ಒಂದೇ ಒಂದು ಸಲ ಬಾಯಿ ಬಿಟ್ಟು ಉತ್ತರ ಕೊಡಲಿಲ್ಲ. ನಿಮ್ಮನ್ನ ನಂಬಿ ಯಾರು ತಾನೇ ಬಸ್ಸು ಹತ್ತಬೇಕು ಅಂತ ಅಂದುಬಿಟ್ಟಿದ್ದೆ ಒಂದಿನ. ಆವತ್ತಿಂದ ಮನೇಲಿ ಮಾತೇ ಕಮ್ಮಿ ಮಾಡಿಬಿಟ್ಟರು."

ಕಂಡಕ್ಟರ್ ಮುಖವನ್ನು ಗೋಡೆ ಕಡೆ ತಿರುಗಿಸಿದ. ಕಣ್ಣಿಂದ ನೀರು ಇಳಿದು ಗದ್ದದವರೆಗೂ ಹೋಯಿತು. ಒರೆಸುವ ಕೈ ಆ ಕಡೆಯದಲ್ಲ.

ಹಾಲು ತರುತ್ತೇನೆ ಎಂದು ಎದ್ದು ಬಂದೆ. ಹಾಲು ಮನೆಯಲ್ಲಿತ್ತು.

ಮಾರ್ಚ್ ೨೭, ಬುಧವಾರ

ಬರೆಯಲು ಏನೂ ಇಲ್ಲ. ಕೇಳಿಸಿದ ಹಾಗಿತ್ತು.

ಏಪ್ರಿಲ್ ೧, ಸೋಮವಾರ

ಕೇಳಿಸಲಿಲ್ಲ.

ಆವತ್ತು ಬಸ್ಸು ಇಪ್ಪತ್ತು ನಿಮಿಷ ತಡವಾಗಿತ್ತು. ಹಿಂದಿನ ಸ್ಟಾಪಿನಲ್ಲಿ ಟೈಂಕೀಪರ್ ನನ್ನನ್ನು ಜನರ ಎದುರಿಗೇ ಬೈದಿದ್ದ. ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಮುದುಕರನ್ನು ಕೈಹಿಡಿದು ಇಳಿಸುತ್ತಾ ಕೂತಿದ್ದ. ಕನ್ನಡಿಯಲ್ಲಿ ಅವನ ಟೋಪಿ ಕಾಣುತ್ತಿತ್ತು, ಬಾಗಿಲು ಕಾಣುತ್ತಿರಲಿಲ್ಲ. ಬೇಗ ಆಗಲಿ ಎಂದು ಎರಡು ಸಲ ಕೂಗಿದೆ. "ತಡೀರಿ ಡ್ರೈವರ್ ಸಾಹೇಬ್ರೇ" ಎಂದ. ಆ ಸಾಹೇಬ್ರೇ ಅವನು ಯಾವಾಗಲೂ ಹೇಳುವ ತಮಾಷೆ. ಆವತ್ತು ನನಗೆ ಮೈ ಉರಿಯಿತು. ತಡಿಯುವುದಿಲ್ಲ ಹೋಗೋ ಎಂದುಕೊಂಡು ಕ್ಲಚ್ ಬಿಟ್ಟೆ. ಯಾರೂ ರೈಟ್ ಹೇಳಿರಲಿಲ್ಲ. ತಡಿ ಎಂದು ಹೇಳಿದ್ದ.

ವಿಚಾರಣೆಯಲ್ಲಿ ನನ್ನ ಬಾಯಿಂದ ಅದು ಹೇಗೆ ಬಂತೋ. ಯೋಚಿಸಿ ಹೇಳಿದ್ದಲ್ಲ. ಲೈಸೆನ್ಸು ಹೋಗುತ್ತದೆ, ಜೈಲಾಗುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು. ಹೇಳಿದ ಎಂದುಬಿಟ್ಟೆ. ಅವನು ಒಳಗೆ ಬಂದು ನನ್ನನ್ನು ಒಂದು ಸಲ ನೋಡಿದ. ಅಷ್ಟೇ. ಹೇಳಿದೆ ಸಾರ್ ಎಂದ. ಹೊರಗೆ ಬಂದ ಮೇಲೆ ನಾನು ಏನೋ ಹೇಳಲು ಹೋದೆ. "ಟೀ ಕುಡಿಯೋಣ ಬನ್ನಿ" ಎಂದ. ಆಮೇಲೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಹೆಂಡತಿಗೂ ಹೇಳಲಿಲ್ಲ. ಅವಳ ಅಣ್ಣ ಅಲ್ಲವಾ ನಾನು.

ಹೇಳಿದ, ಹೇಳಿದ ಎಂದು ನನಗೆ ನಾನೇ ಅಂದುಕೊಂಡು, ಕೊನೆಕೊನೆಗೆ ನಿಜವಾಗಿಯೂ ಕೇಳಿಸುತ್ತಿತ್ತು. ಅವನ ಧ್ವನಿಯಲ್ಲೇ.

ಏಪ್ರಿಲ್ ೨, ಮಂಗಳವಾರ

ತಂಗಿ ಔಷಧಿ ಅಂಗಡಿಗೆ ಹೋಗಿದ್ದಳು. ಅವನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ.

"ಕಂಡಕ್ಟರ್, ಆವತ್ತು ನೀನು ಹೇಳಿರಲಿಲ್ಲ. ನನಗೆ ಗೊತ್ತಿತ್ತು."

ಅವನು ನನ್ನನ್ನೇ ನೋಡಿದ. ಮುಖದಲ್ಲಿ ಆಶ್ಚರ್ಯವೂ ಇಲ್ಲ, ಕೋಪವೂ ಇಲ್ಲ. ತಡವಾಗಿ ಬಂದ ಬಸ್ಸನ್ನು ನೋಡುವ ಹಾಗೆ.

"ಅವಳಿಗೆ ಹೇಳ್ಬೇಕು ಅಂತಿದೀನಿ. ನೀನು ಹ್ಞೂಂ ಅಂದ್ರೆ ಇವತ್ತೇ ಹೇಳ್ತೀನಿ. ಹೇಳು, ರೈಟ್ ಅನ್ನು."

ಒಳ್ಳೆಯ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡ. ತುಟಿ ಅಲುಗಿತು. ಮಾತು ಬರಲಿಲ್ಲ. ದಿನಕ್ಕೆ ನೂರು ಸಲ ಹೇಳುವವನು ಇವತ್ತು ಹೇಳಲಿಲ್ಲ. ಬೀದಿಯಲ್ಲಿ ಎರಡು ಬಸ್ಸು ಹೋಗುವಷ್ಟು ಹೊತ್ತು ಕಾದೆ. ತಂಗಿ ಚೀಲ ಹಿಡಿದು ಬಂದಳು. ನಾನು ಎದ್ದೆ.

ನಾಳೆ ಮತ್ತೆ ಕೇಳುತ್ತೇನೆ.

ಏಪ್ರಿಲ್ ೬, ಶನಿವಾರ

ನಾಳೆ ಎನ್ನುವುದು ಬರಲಿಲ್ಲ. ಬುಧವಾರ ಬೆಳಿಗ್ಗೆ ಎರಡನೆಯ ಸಲ ಹೊಡೆಯಿತು. ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ, ನೆಮ್ಮದಿಯಾಗಿರಲಿ ಎಂದರು. ಆ ನೆಮ್ಮದಿ ಏನು ಎಂದು ತಂಗಿಗೂ ಅರ್ಥವಾಯಿತು.

ಈಗ ರೈಟ್ ಕೂಡ ಇಲ್ಲ. ಕಣ್ಣು ತೆರೆಯುತ್ತಾನೆ, ಮುಚ್ಚುತ್ತಾನೆ. ಡಾಕ್ಟರಮ್ಮ ಬಂದಿದ್ದಳು. "ಇನ್ನು ಹಾಳೆ ತುಂಬೋದು ಬೇಡ ಅಂಕಲ್" ಎಂದಳು. ಬರೆದಿದ್ದ ಹಾಳೆಗಳನ್ನು ವಾಪಸ್ ಕೇಳಿದೆ. ಕೊಟ್ಟಳು. ಅವಳದೇನೂ ತಪ್ಪಿಲ್ಲ. ಸುಮ್ಮನೆ ಅವಳ ಮೇಲೆ ರೇಗಾಡುತ್ತಿದ್ದೆ.

ಏಪ್ರಿಲ್ ೯, ಮಂಗಳವಾರ

ಅವನು ರೈಟ್ ಹೇಳಲಿಲ್ಲ. ಇನ್ನು ಹೇಳುವುದೂ ಇಲ್ಲ. ಕೇಳದೆಯೇ ಹೇಳಿಬಿಟ್ಟೆ.

ತಂಗಿ ಒಗೆದ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಒಂದು ತುದಿ ನಾನು ಹಿಡಿದುಕೊಂಡೆ. ಬಟ್ಟೆಯ ಎರಡು ತುದಿಯಲ್ಲಿ ಇಬ್ಬರೂ ನಿಂತಾಗ ಹೇಳಿದೆ. ತಿರುಚಲಿಲ್ಲ, ಮುಚ್ಚಲಿಲ್ಲ. ಟೈಂಕೀಪರ್ ಬೈದದ್ದು, ಅವನು ತಡೀರಿ ಎಂದದ್ದು, ನನ್ನ ಕೋಪ, ಕ್ಲಚ್ಚು, ವಿಚಾರಣೆ, ಎಲ್ಲ.

ಅವಳು ಬಟ್ಟೆಯ ತುದಿ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ನಿಂತಳು.

"ಅವರು ಹೇಳೇ ಇರಲಿಲ್ವಾ?"

"ಇಲ್ಲ."

"ನಾನು ಅವರನ್ನ ಬೈತಿದ್ದಾಗ ನೀನು ಎದುರಿಗೇ ಕೂತು ಟೀ ಕುಡೀತಿದ್ದೆ ಅಲ್ವಾ?"

"ಹ್ಞೂಂ."

"ಸಕ್ಕರೆ ಕಮ್ಮಿ ಅಂತಿದ್ದೆ."

ಅವಳು ತನ್ನ ತುದಿಯನ್ನು ಒಂದು ಮಡಿಕೆ ಮಡಿಸಿದಳು.

"ಅವರ ಮಾತೆಲ್ಲಾ ಹೋಗೋವರೆಗೂ ಕಾದಿದ್ದು ನೋಡು ನೀನು. ಹೋದ ತಿಂಗಳು ಹೇಳಿದ್ರೂ ಅವರನ್ನ ಒಂದು ಮಾತು ಕೇಳ್ತಿದ್ದೆ. ಅವರು ತಲೆನಾದ್ರೂ ಆಡಿಸ್ತಿದ್ರು. ಹತ್ತೊಂಬತ್ತು ವರ್ಷ ನಾನು ಅಂದಿದ್ದನ್ನೆಲ್ಲ ವಾಪಸ್ ತಗೋಬೇಕು. ಎಷ್ಟು ದಿನ ಉಳಿದಿದೆ ಹೇಳಣ್ಣ. ನೀನೇ ಲೆಕ್ಕ ಹಾಕಿ ಹೇಳು."

ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಕೂಗಾಡುತ್ತಿದ್ದೆ, ಅದು ನನಗೆ ಗೊತ್ತಿರುವ ದಾರಿ. ಮೆಲ್ಲಗೆ ನನ್ನ ಕೈಯಿಂದ ಬಟ್ಟೆಯ ತುದಿ ಬಿಡಿಸಿಕೊಂಡಳು. "ಹೋಗು. ಕರೆಯೋವರೆಗೂ ಬರಬೇಡ" ಎಂದಳು.

ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ನನ್ನ ಮೂಟೆಯನ್ನು ಅವಳ ತಲೆ ಮೇಲಿಟ್ಟು ಬಂದೆ. ನನ್ನದೂ ಇಳಿದಿಲ್ಲ.

ಏಪ್ರಿಲ್ ೧೧, ಗುರುವಾರ

ಡಿಪೋಗೆ ಹೋಗಿದ್ದೆ. ಹಳೆಯ ಕೇಸು, ತಪ್ಪು ನನ್ನದು, ಬರೆದುಕೊಡುತ್ತೇನೆ ಎಂದೆ. ಗುಮಾಸ್ತ ಕನ್ನಡಕ ಮೇಲೆ ಮಾಡಿ ನೋಡಿದ.

"ಯಜಮಾನ್ರೇ, ಹತ್ತು ವರ್ಷ ಆದ ಫೈಲೆಲ್ಲ ನಾವು ಸುಡ್ತೀವಿ. ಆ ಫೈಲೂ ಇಲ್ಲ, ಆ ಸಾಹೇಬರೂ ಇಲ್ಲ, ನೀವೂ ಸರ್ವಿಸಲ್ಲಿಲ್ಲ. ಯಾರ ಮೇಲೆ ಆಕ್ಷನ್ ತಗೊಳ್ಳಲಿ, ಈ ಮೇಜಿನ ಮೇಲಾ?"

ಆದರೂ ಬರೆದುಕೊಟ್ಟು ಬಂದೆ. ತೆಗೆದುಕೊಂಡು ಪೇಪರ್‌ವೇಯ್ಟಿನ ಕೆಳಗಿಟ್ಟ. ನಾನು ಬೀದಿಗೆ ಬರುವಷ್ಟರಲ್ಲಿ ಅದರ ಮೇಲೆ ಊಟದ ಡಬ್ಬಿ ಬಿಚ್ಚಿರುತ್ತಾನೆ. ಆ ಹೆಂಗಸನ್ನೂ ಹುಡುಕಿದೆ. ಆ ಬೀದಿಯಲ್ಲಿ ಯಾರಿಗೂ ಅವಳ ನೆನಪಿಲ್ಲ.

ಏಪ್ರಿಲ್ ೧೩, ಶನಿವಾರ

ತಂಗಿಯ ಮನೆಯ ಮೆಟ್ಟಿಲ ಮೇಲೆ ಕೂತು ಬಂದೆ. ಬಾಗಿಲು ತಟ್ಟಲಿಲ್ಲ. ಒಳಗಿನಿಂದ ಅವಳ ಧ್ವನಿ ಕೇಳುತ್ತಿತ್ತು. ಒಂದೇ ಸಮನೆ ಮಾತು. ಮೊದಲ ಸಲ ನೋಡಲು ಬಂದಾಗ ಅವನು ಹಾಕಿಕೊಂಡಿದ್ದ ಅಂಗಿಯ ಬಣ್ಣ, ಕ್ವಾರ್ಟರ್ಸಿನ ಸೋರುವ ನಲ್ಲಿ, ಅವನು ಯಾರೋ ಮುದುಕನನ್ನು ಬಸ್ಸಿನಿಂದ ಇಳಿಸಿ ಅವರ ಮನೆಯವರೆಗೂ ಬಿಟ್ಟು ಬಂದದ್ದು, ಅದಕ್ಕೆ ತಾನು ಬೈದದ್ದು. ನಡುನಡುವೆ "ಕೇಳಿಸ್ತಾ?" ಅನ್ನುತ್ತಿದ್ದಳು. ಉತ್ತರವಿರುತ್ತಿರಲಿಲ್ಲ. ಮತ್ತೆ ಶುರು ಮಾಡುತ್ತಿದ್ದಳು.

ಮೇಲಿನ ಮನೆಯವರು ಇಳಿದು ಬಂದರು. ಒಳಗೆ ಹೋಗಲ್ವಾ ಎಂದು ಕೇಳಿದರು. ಕರೆದಾಗ ಹೋಗುತ್ತೇನೆ ಎಂದೆ.

ಏಪ್ರಿಲ್ ೧೪, ಭಾನುವಾರ

ಕೂತು ಬಂದೆ.

ಏಪ್ರಿಲ್ ೧೫, ಸೋಮವಾರ

ಕೂತು ಬಂದೆ. ಒಳಗೆ ಅವಳ ಗಂಟಲು ಕಟ್ಟಿದೆ. ಆದರೂ ನಿಲ್ಲಿಸಿಲ್ಲ.

ಏಪ್ರಿಲ್ ೧೬, ಮಂಗಳವಾರ

ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆಗೆದು ಕರೆದಳು. ಅವನು ಹೋಗಿದ್ದ.

ಏಪ್ರಿಲ್ ೨೦, ಶನಿವಾರ

ಜನ ಬಂದರು, ಹೋದರು. ಡಿಪೋದಿಂದ ಹತ್ತಿಪ್ಪತ್ತು ಮಂದಿ ಬಂದಿದ್ದರು. "ಒಳ್ಳೆ ಮನುಷ್ಯ. ಆವತ್ತೊಂದಿನ ಬಾಯಿ ಅವಸರ ಮಾಡದೆ ಇದ್ದಿದ್ರೆ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆಗ್ತಿದ್ದ" ಎಂದು ಒಬ್ಬ ಹಳೆಯ ಮೆಕ್ಯಾನಿಕ್ ಅಂದ. ಅವಸರ ಅವನದಲ್ಲ, ನನ್ನದು, ಅವನು ತಡಿ ಎಂದಿದ್ದ ಎಂದೆ. ಒಬ್ಬೊಬ್ಬರೇ ಚಪ್ಪಲಿ ಹಾಕಿಕೊಂಡು ಹೊರಟರು. ತಂಗಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು.

ಎಲ್ಲರೂ ಹೋದ ಮೇಲೆ ಅವಳು ಅವನ ಮಂಚದ ಪಕ್ಕದ ಬೆಂಚಿನ ಮೇಲೆ ಕೂತಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ತುಂಬ ಹೊತ್ತಾದ ಮೇಲೆ ಅವಳಾಗಿಯೇ ಮಾತಾಡಿದಳು. ಧ್ವನಿ ಇನ್ನೂ ಒಡೆದೇ ಇದೆ.

"ಏಳು ದಿನ ಮಾತಾಡಿದೆ ಅಣ್ಣ. ಒಂದೂ ಬಿಡದೆ ಎಲ್ಲಾ ಹೇಳಿದೆ. ತಪ್ಪಾಯ್ತು ಅಂದೆ. ಅವರಿಗೆ ಕೇಳಿಸಿರುತ್ತೆ ಅಲ್ವಾ?"

ನಾನು ಖಾಲಿ ಮಂಚ ನೋಡಿದೆ.

"ಗೊತ್ತಿಲ್ಲ ತಂಗಿ" ಎಂದೆ.

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ತುಂಬ ಅತ್ತಳು. ಕೇಳಿಸಿತು ಎಂದುಬಿಡಬಹುದಾಗಿತ್ತು. ಒಂದು ಮಾತು, ಏನು ಖರ್ಚು. ಬೇರೆ ಯಾರಾದರೂ ಆಗಿದ್ದರೆ ಅನ್ನುತ್ತಿದ್ದರು. ನನ್ನಂಥ ಒರಟನಿಗೆ ಸಮಾಧಾನ ಹೇಳುವುದು ಇವತ್ತಿಗೂ ಬರಲಿಲ್ಲ.

ಅಳು ನಿಂತ ಮೇಲೆ ನನ್ನ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಆಚೆ ಸರಿದಳು. ಒಬ್ಬರು ಕೂರುವಷ್ಟು ಜಾಗವಾಯಿತು.

ಹೋಗಿ ಕೂತೆ.